ಅಪ್ಪ ಸವರಿದ ಮರಳು

ಗಾಲ್ಫ್ ಆಡುವವನಿಗೆ ಮಾತಾಡಲು ಯಾರೂ ಇರುವುದಿಲ್ಲ ಎಂದರೆ ಜನ ನಗುತ್ತಾರೆ. ಹಿಂದೆ ಚೀಲ ಹೊರುವ ಕ್ಯಾಡಿ, ಸಂಜೆಗೆ ಹೋಟೆಲಿನ ಊಟ, ಇನ್ನೇನು ದಾಡಿ ಇವನಿಗೆ ಎಂದುಕೊಳ್ಳುತ್ತಾರೆ. ನಾಲ್ಕೂವರೆ ಗಂಟೆ ಬಿಸಿಲಲ್ಲಿ ನಡೆದು ನೋಡಲಿ, ಗೊತ್ತಾಗುತ್ತದೆ. ಚೆಂಡು ಬೀಳಿಸುವ ಗುಳಿ, ಹೋಲ್ ಎನ್ನುತ್ತಾರೆ, ಅಂಥ ಹದಿನೆಂಟು ಮುಗಿಯುವಷ್ಟರಲ್ಲಿ ನಾನು ಕನ್ನಡದಲ್ಲಿ ಒಂದು ಮಾತೂ ಆಡಿರುವುದಿಲ್ಲ. ಹಾಗೆ ಮಾಡಿಕೊಂಡವನೂ ನಾನೇ.

ಅಪ್ಪ ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಮಾದಾಪುರದ ಗಾಜಿನ ಕಟ್ಟಡಗಳಿಗೆ ಸಿಮೆಂಟು ಹೊತ್ತು ಹೊತ್ತು ಸೊಂಟ ಹಿಡಿದ ಮೇಲೆ ಗಾಲ್ಫ್ ಮೈದಾನದಲ್ಲಿ ಮಾಲಿಯಾದ. ಚೆಂಡು ಸಿಕ್ಕಿಬೀಳಲೆಂದೇ ಅಲ್ಲಿ ಮರಳಿನ ಗುಂಡಿಗಳಿರುತ್ತವೆ, ಬಂಕರ್ ಎನ್ನುತ್ತಾರೆ. ಉದ್ದ ಹಿಡಿಯ ರೇಕಿನಿಂದ ಬೆಳಿಗ್ಗೆ ಬೆಳಿಗ್ಗೆ ಆ ಮರಳನ್ನು ಸಮ ಮಾಡುವುದು ಅಪ್ಪನ ಕೆಲಸ. ನಾಯಿಯ ಹೆಜ್ಜೆ ಒಂದು ಉಳಿದರೂ ಅವನಿಗೆ ಸಮಾಧಾನವಿಲ್ಲ. ಮನೆಯಲ್ಲಿ ಚಾದರದ ಸುಕ್ಕನ್ನೂ ಸವರಿಯೇ ಕೂಡುತ್ತಿದ್ದ. ಬಿಟ್ಟರೆ ನನ್ನ ಹಣೆಯ ಗೆರೆಯನ್ನೂ ಸವರುತ್ತಾನೆ ಎಂದು ಅವ್ವ ಕಾಡಿಸುತ್ತಿದ್ದಳು.

ನಾನು ಅಲ್ಲೇ ಕ್ಯಾಡಿಯಾದೆ. ಸೋಮವಾರ ಮೆಂಬರುಗಳು ಬರುತ್ತಿರಲಿಲ್ಲ, ಆ ದಿನ ನಮ್ಮಂಥವರು ಆಡಬಹುದಿತ್ತು. ಚೆಂಡು ಹೊಡೆಯುವ ಕೋಲಿಗೆ ಕ್ಲಬ್ಬು ಎನ್ನುತ್ತಾರೆ; ಯಾರೋ ಬಿಟ್ಟುಕೊಟ್ಟ ಹಳೆಯ ಕ್ಲಬ್ಬುಗಳಲ್ಲಿ ಹೊಡೆದು ಹೊಡೆದು ಅಂಗೈ ಬೊಬ್ಬೆ ಎದ್ದು, ವರ್ಷಗಳ ಮೇಲೆ ವೃತ್ತಿ ಆಟಗಾರರ ಆಯ್ಕೆಯವರೆಗೆ ಬಂದೆ. ಕೊನೆಯ ಸುತ್ತು ನಮ್ಮದೇ ಮೈದಾನದಲ್ಲಿ. ಪಾಸಾದರೆ ವರ್ಷವಿಡೀ ಟೂರ್ನಿ ಆಡುವ ಕಾರ್ಡು. ಇಲ್ಲವಾದರೆ ಮತ್ತೆ ಬೇರೆಯವರ ಚೀಲ. ನನ್ನ ಚೀಲ ಹೊರಲು ಅಪ್ಪನೇ ರಜೆ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು ಬಂದ.

ಜೊತೆಗೆ ಆಡುತ್ತಿದ್ದವನು ಬೇರೆ ಊರಿನ ಶ್ರೀಮಂತರ ಮನೆಯ ತರುಣ. ಮೊದಲ ಹೋಲ್‌ನಲ್ಲೇ ಅಪ್ಪನನ್ನು ನೋಡಿ, ಇವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ಕ್ಯಾಡಿ ಎಂದೆ. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನಿಗೆ ಹಿಂದಿ ಚೆನ್ನಾಗಿ ತಿಳಿಯುತ್ತದೆ. ಕನ್ನಡದಲ್ಲಿ ಮಾತಾಡಿದರೆ ಗುಟ್ಟು ಬಯಲಾದೀತೆಂದು ಆಮೇಲೆ ಬಾಯಿಗೆ ಬೀಗ ಹಾಕಿಕೊಂಡೆ. ನಾನು ಕೈ ಚಾಚುವುದು, ಅವನು ಕ್ಲಬ್ಬು ಕೊಡುವುದು, ಇಷ್ಟೇ. ಕ್ಯಾಡಿ ಏನು ಮಾಡಬಾರದು ಎಂದು ಅವನಿಗೆ ಒಂದು ಮಾತು ಹೇಳಿರಲಿಲ್ಲ. ಇಷ್ಟು ವರ್ಷ ಮೈದಾನದಲ್ಲೇ ಇದ್ದವನಿಗೆ ಹೇಳುವುದೇನು ಎಂಬ ಸೊಕ್ಕು ಬೇರೆ.

ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಕೊನೆಯ ಹೋಲಿಗೆ ಬಂದಾಗ, ಒಂದು ಹೊಡೆತ ಹೆಚ್ಚಾದರೂ ಕಾರ್ಡು ನನ್ನದೇ ಎಂಬಂತಿತ್ತು. ಚೆಂಡು ಬಂಕರಿಗೆ ಬಿತ್ತು. ಹೋಲಿಗೆ ನೆಟ್ಟ ಬಾವುಟ ಎಷ್ಟು ದೂರವೆಂದು ನೋಡಲು ಮುಂದೆ ಹೋದೆ. ತಿರುಗಿ ಬಂದಾಗ ಅಪ್ಪ ರೇಕು ಹಿಡಿದು ನಿಂತಿದ್ದ. ಚೆಂಡಿನ ಮುಂದೆ ಆಳವಾಗಿ ಮೂಡಿದ್ದ ಯಾರದೋ ಬೂಟಿನ ಹೆಜ್ಜೆ ಈಗ ಇರಲಿಲ್ಲ.

"ಹೊಡಿ ತಮ್ಮಾ, ಹಸನ ಮಾಡೀನಿ," ಎಂದ ಮೆಲ್ಲಗೆ. ಇಡೀ ದಿನದಲ್ಲಿ ಅವನಾಡಿದ ಒಂದೇ ಮಾತು ಅದು.

ಚೆಂಡು ಹೋಗುವ ದಾರಿಯ ಮರಳನ್ನು ಹೊಡೆಯುವ ಮುಂಚೆ ಕ್ಯಾಡಿ ಸಮ ಮಾಡಿದರೆ ಆಟಗಾರನಿಗೆ ಎರಡು ಹೊಡೆತ ದಂಡ. ಯಾರೂ ನೋಡಿರಲಿಲ್ಲ. ಆದರೆ ಈ ಆಟದಲ್ಲಿ ತನ್ನ ತಪ್ಪನ್ನು ತಾನೇ ಹೇಳಬೇಕು. ಹೇಳಿದೆ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಜೊತೆಯವನು ಪಾಪ ಮರುಗಿ, ಕ್ಯಾಡಿಯನ್ನು ಬದಲಿಸು ಭಾಯ್ ಎಂದ. ಬದಲಿಸುತ್ತೇನೆ ಎಂದೆ, ಹಿಂದಿಯಲ್ಲಿ, ಅಪ್ಪನಿಗೆ ಕೇಳುವಂತೆಯೇ. ನಾನು ಹೊಡೆದು ಹೊರಬಂದ ಮೇಲೆ ಅವನು ನನ್ನ ಹೆಜ್ಜೆಗಳನ್ನೂ ಸವರಿ, ರೇಕನ್ನು ಇದ್ದಲ್ಲಿಟ್ಟು, ಚೀಲ ಹೊತ್ತು ಹಿಂದೆ ಬಂದ. ಒಂದೇ ಒಂದು ಹೊಡೆತ ಹೆಚ್ಚಾಗಿ ಕಾರ್ಡು ತಪ್ಪಿತು.

ಮರುವರ್ಷ ಸಿಕ್ಕಿತು, ಬೇರೆ ಕ್ಯಾಡಿಯ ಜೊತೆಗೆ. ಈಗ ಊರೂರು ಆಡುತ್ತೇನೆ. ಮನುಷ್ಯರ ದನಿ ಇರಲೆಂದು ಕೋಣೆಯಲ್ಲಿ ಟೀವಿ ಹಚ್ಚಿಟ್ಟು ಒಬ್ಬನೇ ಉಣ್ಣುತ್ತೇನೆ. ಫೋನು ಮಾಡಿದರೆ, ಅಲ್ಲಿಯ ಹುಲ್ಲು ಹೇಗಿದೆ, ಮರಳು ಸಣ್ಣದೋ ದಪ್ಪದೋ ಎಂದು ಅಪ್ಪ ಕೇಳುತ್ತಾನೆ. ಎಷ್ಟನೆಯವನಾಗಿ ಬಂದೆ ಎಂದು ಒಮ್ಮೆಯೂ ಕೇಳಿಲ್ಲ. ಅವನನ್ನು ಆ ದಿನ ಅಪ್ಪ ಎನ್ನದೆ ಹೋದೆನಲ್ಲ ಎಂಬ ಸಂಕಟವನ್ನು ಫೋನಿನಲ್ಲಿ ಹೇಗೆ ಹೇಳಲಿ?

ಈಚೆಗೆ ನಮ್ಮ ಮೈದಾನದಲ್ಲೇ ಟೂರ್ನಿ ಬಂತು. ಹಿಂದಿನ ದಿನ ಮನೆಗೆ ಹೋಗಿ, ನಾಳೆ ನನ್ನ ಜೊತೆ ನಡೆ, ಎಲ್ಲರಿಗೂ ಇವನು ನಮ್ಮಪ್ಪ ಅಂತ ಹೇಳುತ್ತೇನೆ ಎಂದೆ. ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ.

"ಬ್ಯಾಡೋ ತಮ್ಮಾ," ಎಂದ. "ನಾ ಮತ್ತೇನರ ಮುಟ್ಟಿಗಿಟ್ಟೇನು."

ಮರುದಿನ ಕೊನೆಯ ಹೋಲಿನ ಬಂಕರಿನಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ. ಬೆಳಕು ಹರಿಯುವ ಮುಂಚೆಯೇ ಬಂದು ಅಪ್ಪ ಅದೊಂದನ್ನು ಎರಡು ಸಲ ಸವರಿದನಂತೆ. ಆಟ ಶುರುವಾಗುವ ಹೊತ್ತಿಗೆ ಗೇಟು ದಾಟಿ ಮನೆಗೆ ಹೋಗಿದ್ದನೆಂದು ಇನ್ನೊಬ್ಬ ಮಾಲಿ ಹೇಳಿದ.