ಚಪ್ಪಲಿ ಕಾಯುವ ಕೆಲಸ

ಗಡಿಯಾಚೆಯ ಬಶೀರಾಬಾದ್ ಹತ್ತಿರದ ಒಂದು ಕನ್ನಡ ಶಾಲೆಗೆ ನಾನು ಹೋಗಿದ್ದು, ಎಲ್ಲ ಮಕ್ಕಳನ್ನೂ ಆಟಕ್ಕೆ ಸೇರಿಸಿಕೊಳ್ಳುವುದು ಹೇಗೆಂದು ಮಾಸ್ತರರಿಗೆ ತೋರಿಸಲು. ಆಟದ ಪಿರಿಯಡ್ಡಿನ ಗಂಟೆ ಹೊಡೆದದ್ದೇ ಮಕ್ಕಳೆಲ್ಲ ಬೇವಿನ ಮರದಡಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದರು. ಬೀರಮ್ಮ ಎಂಬ ಹುಡುಗಿ ಮಾತ್ರ ಊರುಗೋಲು ಪಕ್ಕಕ್ಕಿಟ್ಟು ಚಪ್ಪಲಿಗಳ ನಡುವೆ ಕೂತಳು.

"ನೀ ಆಡಂಗಿಲ್ಲೇನು?" ಅಂದೆ.

"ನಾ ಆಡಾಕ ಹೋದ್ರ ಚಪ್ಪಲ್ ಯಾರ್ ಕಾಯ್ತಾರ್ರೀ ಸರ್? ನಾಯಿ ಒಯ್ತಾವ್ರೀ."

ಒಂದನೇ ಕ್ಲಾಸಿನಿಂದಲೂ ಅದು ಅವಳದೇ ಕೆಲಸವಂತೆ. ಹೇಳುವಾಗ ಕಣ್ಣು ಮಾತ್ರ ಲಗೋರಿ ಕಲ್ಲುಗಳ ಮೇಲಿತ್ತು.

"ಇವತ್ತು ನಾ ಕಾಯ್ತೀನಿ, ಹೋಗು" ಎಂದು ನಾನೂ ಚಪ್ಪಲಿ ಬಿಟ್ಟು ಕೂತೆ.

ಅನುಮಾನದಿಂದಲೇ ಹೋದಳು. ಗೆಳತಿಯೊಬ್ಬಳು, "ನೀ ಚೆಂಡ್ ಹೊಡಿ, ನಿನ್ನ ಬದ್ಲಿ ನಾ ಓಡ್ತೀನಿ" ಅಂದಳು. ನಾನು ಕಲಿಸಲು ತಂದಿದ್ದ ಪಾಠ ಅಲ್ಲಿಗೇ ಮುಗಿಯಿತು. ಬೀರಮ್ಮನ ಮೊದಲ ಚೆಂಡು ಎಲ್ಲಿಗೋ ಹೋಯಿತು. ಎರಡನೆಯದಕ್ಕೆ ಕಲ್ಲೆಲ್ಲ ಚೆಲ್ಲಾಪಿಲ್ಲಿ. ಅವಳು ಹಾಕಿದ ಕೂಗಿಗೆ ನಾನೂ ಎದ್ದು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ನಾಯಿಯೊಂದು ನನ್ನದೇ ಚಪ್ಪಲಿ ಕಚ್ಚಿಕೊಂಡು ಹೋಗಿತ್ತು.

"ನಿಮ್ಮ ಕೈಲೆ ಈ ಕೆಲ್ಸ ಆಗಂಗಿಲ್ಲ ಬಿಡ್ರೀ ಸರ್" ಎಂದು ನಕ್ಕು, ಬೀರಮ್ಮ ಮತ್ತೆ ತನ್ನ ಜಾಗದಲ್ಲಿ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು: "ನಾಳಿ ಬರ್ತೀರೇನ್ರೀ?"

ಮರುದಿನ ನನಗೆ ನಾರಾಯಣಖೇಡದಲ್ಲಿ ಕೆಲಸವಿತ್ತು.

ಈಗಲೂ ಬಸ್ಸಿನ ಕಿಟಕಿಯಲ್ಲಿ ಶಾಲೆಯ ಮೈದಾನ ಕಂಡರೆ ನಾನು ಆಡುವವರನ್ನು ನೋಡುವುದಿಲ್ಲ. ಚಪ್ಪಲಿ ಬಿಟ್ಟಲ್ಲಿ ಯಾರೂ ಕೂತಿರದಿರಲಿ ಎಂದುಕೊಂಡು ಮರದ ಬುಡ ಹುಡುಕುತ್ತೇನೆ. ನಾಯಿಗಳಿಗೂ ಏನಾದರೂ ಸಿಗಲಿ.