ಮಿತಿಯೊಳಗಿನ ಮೂರು ಅಂಕಿಗಳು

ಕೊರೊನಾ ಗಲಾಟೆ ಮುಗಿದು ಊರು ಮತ್ತೆ ಓಡಾಡತೊಡಗಿದ ವರ್ಷಗಳವು. ಶಿರಸಿಯಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್. ಮಾಲೀಕನೂ ನಾನೇ, ಟೆಕ್ನಿಷಿಯನ್ನೂ ನಾನೇ. ಸಿದ್ದಾಪುರ, ಯಲ್ಲಾಪುರದಿಂದೆಲ್ಲ ಜನ ಬಸ್ಸು ಹತ್ತಿ ಬರುತ್ತಿದ್ದರು. ವರದಿಗಾಗಿ ಅವರನ್ನು ಮತ್ತೊಮ್ಮೆ ಅಲೆಸಬಾರದೆಂದು ಫಲಿತಾಂಶವನ್ನು ಫೋನಿನಲ್ಲೇ ಹೇಳಿಬಿಡುತ್ತಿದ್ದೆ. ಅದೊಂದು ದೊಡ್ಡ ಉಪಕಾರವೆಂಬ ಜಂಬವೂ ನನಗಿತ್ತು.

ಬನವಾಸಿ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಗಿರಿಜಮ್ಮ ಆರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ವಯಸ್ಸು ನಲವತ್ತೈದು. ತಾಯಿಯಿಂದ ಬಂದ ಹೆಪಟೈಟಿಸ್ ಬಿ ವೈರಸ್ ಅವರ ರಕ್ತದಲ್ಲಿತ್ತು. ಆ ತಾಯಿ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹಾಗಾಗಿ ಡಾಕ್ಟರು ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ಎಎಫ್‌ಪಿ ಪರೀಕ್ಷೆ ಎರಡನ್ನೂ ಬರೆದಿದ್ದರು. ಎಎಫ್‌ಪಿ ಎಂದರೆ ಲಿವರಿನಲ್ಲಿ ಗಡ್ಡೆ ಬೆಳೆಯುವಾಗ ರಕ್ತದಲ್ಲಿ ಹೆಚ್ಚಾಗಬಹುದಾದ ಒಂದು ಪ್ರೋಟೀನು. ನಮ್ಮ ಯಂತ್ರದ ಪ್ರಕಾರ ಹತ್ತರೊಳಗಿದ್ದರೆ ನಾರ್ಮಲ್.

ಶನಿವಾರ ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದಿಟ್ಟು, ಮಧ್ಯಾಹ್ನದ ಬಸ್ಸಿಗೆ ಬಂದು ರಕ್ತ ಕೊಟ್ಟು ಹೋಗುತ್ತಿದ್ದರು. ಸೋಮವಾರ ಅವರ ಫೋನು ಬರುತ್ತಿತ್ತು.

"ನಾರ್ಮಲ್ ಐತೇನ್ರಿ ಹೆಗಡ್ರ?"

"ನಾರ್ಮಲ್ ಇದೆ ಮಾರಾಯ್ರೆ, ಇದೊಂದಕ್ಕೆ ಬಸ್ ಹತ್ಬೇಡಿ."

ಹೀಗೆ ಮೂರು ಸಲ ಹೇಳಿದೆ. ಮೊದಲ ಸಲದ ಅಂಕಿ ಮೂರು, ಎರಡನೆಯದು ಆರು, ಮೂರನೆಯದು ಒಂಬತ್ತು.

ನಾಲ್ಕನೆಯ ಸಲ ಅಂಕಿ ನಾನೂರು ದಾಟಿತು. ಯಂತ್ರವೇ ಕೆಟ್ಟಿದೆಯೆಂದು ಬೈದುಕೊಂಡು ಅದೇ ರಕ್ತವನ್ನು ಮತ್ತೆ ಹಾಕಿದೆ. ಬದಲಾಗಲಿಲ್ಲ. ಆಗ, ಮೊಟ್ಟಮೊದಲ ಬಾರಿಗೆ, ಅವರ ಹಳೆಯ ವರದಿಗಳನ್ನು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆಗೆದು ನೋಡಿದೆ. ಒಂದೊಂದೂ ನಾರ್ಮಲ್ಲೇ, ಆದರೆ ಪ್ರತಿ ಸಲವೂ ಏರಿತ್ತು.

ಫೋನಿನಲ್ಲಿ ಹೇಳುವ ಧೈರ್ಯವಾಗದೆ ಬರಹೇಳಿದೆ. ಸ್ಕ್ಯಾನಿಂಗ್ ಯಾವಾಗ ಮಾಡಿಸಿದ್ದೆಂದು ಕೇಳಿದೆ.

"ಎಲ್ಲೀದ್ರಿ? ರಕ್ತ ನಾರ್ಮಲ್ ಅಂದ್ರಲ್ಲ, ಡಾಕ್ಟ್ರ ಕಡೆ ಹೋಗೋದ ಬಿಟ್ಟಿದ್ದೆ. ನಾ ರಜಾ ಹಾಕಿದ್ರ ಮಕ್ಕಳಿಗೆ ಅನ್ನ ಮಾಡೋರ್ ಯಾರು?"

ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ಗಡ್ಡೆ ಲಿವರಿನ ರಕ್ತನಾಳಕ್ಕೆ ಹಬ್ಬಿತ್ತು, ಆಪರೇಷನ್ ಮಾಡುವ ಹಂತ ದಾಟಿತ್ತು. ವರ್ಷದ ಹಿಂದೆ ಸ್ಕ್ಯಾನಿಂಗ್ ಆಗಿದ್ದರೆ ಸಣ್ಣದಿರುವಾಗಲೇ ಸಿಗುತ್ತಿತ್ತೇನೋ ಎಂದರು ಅಲ್ಲಿನ ವೈದ್ಯರು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಮೂರು, ಆರು, ಒಂಬತ್ತು ಎಂದು ಬೆರಳು ಮಡಚಿ ಹೇಳಿದೆ. ಗಿರಿಜಮ್ಮ ಆಸ್ಪತ್ರೆಯ ಫೈಲನ್ನು ಚೀಲದೊಳಗೆ ಹಾಕಿಕೊಂಡರು.

"ಬಿಡ್ರಿ ಹೆಗಡ್ರ. ನಿಮ್ಮ ಮಾತು ಕೇಳಿ ಒಂದೂವರಿ ವರ್ಷ ನೆಮ್ಮದೀಲೆ ನಿದ್ದಿ ಮಾಡೀನಿ. ನಮ್ಮವ್ವಗ ಅದೂ ಸಿಗಲಿಲ್ಲ."

ನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಅವರ ಮುಖ ನೋಡಲಾಗದೆ ಬೇಗನೆ ಹೊರಟುಬಂದೆ.

ಒಂದು ಅಂಕಿಯನ್ನು ಪುಸ್ತಕದ ಮಿತಿಯೊಂದಿಗೆ ಮಾತ್ರವಲ್ಲ, ಅದೇ ಮನುಷ್ಯನ ಹಿಂದಿನ ಅಂಕಿಯೊಂದಿಗೂ ಹೋಲಿಸಬೇಕು. ನಾರ್ಮಲ್ ಬಂದರೂ ಡಾಕ್ಟರು ನೋಡಬೇಕು, ಸ್ಕ್ಯಾನಿಂಗ್ ತಪ್ಪಿಸಬಾರದು. ಮೂವತ್ತು ವರ್ಷ ಕೆಲಸ ಮಾಡಿದವನಿಗೆ ಇಷ್ಟನ್ನು ಕಲಿಯಲು ಒಂದು ಜೀವ ಬೇಕಾಯಿತು. ಈಗ ಹಳೆಯ ಅಂಕಿಗಳನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಕೊಡುತ್ತೇನೆ. ಫೋನಿನಲ್ಲಿ ಫಲಿತಾಂಶ ಹೇಳುವುದಿಲ್ಲ. ಜನ ಸಿಟ್ಟಾಗುತ್ತಾರೆ, ಸೊಕ್ಕು ಬಂದಿದೆ ಎಂದು ಬೈಯುತ್ತಾರೆ. ಬೈಯಲಿ. ಗಿರಿಜಮ್ಮನೂ ಅಂದು ಬಸ್ಸಿನಲ್ಲಿ ಹಾಗೆ ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.