ಬಾಗಿಲಿಗೆ ನೇತುಹಾಕಿದ ಮೆಳ್ಳೆಗಣ್ಣಿನ ನಟ

ದೃಷ್ಟಿ, ಮಾಟ, ಮಂತ್ರ ಎಂದರೆ ನನಗೆ ಮೈ ಉರಿಯುತ್ತದೆ. ಈಗಲೂ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾವು ಮಲೇಷ್ಯಾದ ಪೆನಾಂಗಿನ ಬಯಾನ್ ಲೆಪಾಸಿನಲ್ಲಿದ್ದೆವು. ನಮ್ಮ ಫ್ಯಾಕ್ಟರಿಯ ಜಪಾನಿ ಮೇಲಧಿಕಾರಿ ನಿವೃತ್ತರಾಗಿ ಊರಿಗೆ ಹೊರಟಾಗ ಹಳೆಯ ಚಿತ್ರವೊಂದನ್ನು ನನಗೆ ಕೊಟ್ಟರು. ಮರದ ಅಚ್ಚಿನಿಂದ ಕಾಗದದ ಮೇಲೆ ಒತ್ತಿದ್ದು. ಕಬುಕಿ ನಾಟಕದ ನಟನೊಬ್ಬನ ಮುಖ. ಒಂದು ಕಣ್ಣು ನೇರ, ಇನ್ನೊಂದು ಮೂಗಿನ ಕಡೆ. ರಂಗದ ಮೇಲೆ ನಟ ಹಾಗೆ ಗುರಾಯಿಸಿದರೆ ನೋಡಿದವರಿಗೆ ವರ್ಷವಿಡೀ ಕಾಯಿಲೆ ಬರುವುದಿಲ್ಲವೆಂದು ಅವರಲ್ಲಿ ನಂಬಿಕೆಯಂತೆ. ನಾನು ನಕ್ಕಿದ್ದೆ. ಬಿಸಿಲು ಮಾತ್ರ ತಾಗಿಸಬೇಡಿ, ಬಣ್ಣ ಮಾಸುತ್ತದೆ ಎಂದಿದ್ದರು. ಚೌಕಟ್ಟು ಹಾಕಿಸಿ ಒಳಗಿನ ಗೋಡೆಗೆ ತೂಗುಹಾಕಿ, ಆ ಮಾತನ್ನು ವ್ರತದಂತೆ ಪಾಲಿಸಿದ್ದೆ.

ಐದು ವರ್ಷದ ಮಗಳಿಗೆ ಜ್ವರ ಹಿಡಿದು ವಾರವಾದರೂ ಬಿಡಲಿಲ್ಲ. ರಕ್ತ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದರೆ ನನ್ನ ನಟ ಮನೆಯ ಬಾಗಿಲ ಹೊರಗೆ, ಇಳಿಬಿಸಿಲಿಗೆ ಮುಖ ಕೊಟ್ಟು ನೇತಾಡುತ್ತಿದ್ದ. ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಮೈಸೂರಿನಿಂದ ಬಂದಿದ್ದ ಅತ್ತೆಯ ಕೆಲಸ.

“ಇದೇನು ಬೂದುಗುಂಬಳಕಾಯಿನಾ ಅತ್ತೆ? ಯಾರನ್ನ ಕೇಳಿ ಹಾಕಿದ್ರಿ?”

“ಮೆಳ್ಳೆಗಣ್ಣು ಬಿಟ್ಕೊಂಡು ಒಳ್ಳೆ ದೃಷ್ಟಿಬೊಂಬೆ ಹಾಗಿದಾನೆ. ಒಳಗ್ಯಾಕಮ್ಮ ಅಂತ ಹಾಕ್ದೆ,” ಎಂದರು ಅತ್ತೆ. ಜಪಾನಿನವರ ನಂಬಿಕೆಯನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಸಿಟ್ಟಿನಲ್ಲಿ ಚೌಕಟ್ಟನ್ನು ಕಿತ್ತು ಒಳಗೆ ತಂದೆ. ಸೋಫಾದಲ್ಲಿ ಮಲಗಿದ್ದ ಮಗಳು ಎದ್ದು ಕೂತು, ಶಾಲೆಯಲ್ಲಿ ಕಲಿತ ಮಲೇಷ್ಯಾದ ಇಂಗ್ಲಿಷಿನಲ್ಲಿ ಹೇಳಿದಳು. “ಅಮ್ಮಾ, ಹಿಸ್ ಐಸ್ ಆರ್ ಓಕೆ ನೌ. ಐ ಆಮ್ ಹಂಗ್ರಿ ಲಾ.” ಹಣೆ ಮುಟ್ಟಿದೆ, ತಣ್ಣಗಿತ್ತು. ಚಿತ್ರ ನೋಡಿದೆ. ಎರಡೂ ಕಣ್ಣು ನೇರವಾಗಿದ್ದವು.

ಬಣ್ಣ ಮಾಸಿದ್ದರೆ ಬಿಸಿಲನ್ನು ದೂರಬಹುದಿತ್ತು. ಒಂದಿಷ್ಟೂ ಮಾಸಿರಲಿಲ್ಲ. ಕಣ್ಣುಗುಡ್ಡೆ ಕಪ್ಪು ಮಸಿಯದು. ಕಾಗದದ ಮೇಲೆ ಅದು ಸರಿಯುವುದಾದರೂ ಹೇಗೆ? ಫೋನಿನಲ್ಲಿ ಮೊದಲೇ ತೆಗೆದಿಟ್ಟ ಫೋಟೋದಲ್ಲಿ ಮೆಳ್ಳೆಗಣ್ಣೇ ಇದೆ. ತೋರಿಸಿದರೆ, ಅದು ಬೇರೆ ಪ್ರತಿ ಇರಬೇಕು ಎನ್ನುತ್ತಾರೆ ಸ್ನೇಹಿತರು. ನಾನೇನು ಸುಳ್ಳುಬುರುಕಿಯೇ?

ಅತ್ತೆಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. “ಬಂದ ಕೆಲಸ ಮುಗೀತಲ್ಲ, ಇನ್ನೂ ಯಾಕೆ ಗುರಾಯಿಸ್ತಾನೆ,” ಎನ್ನುತ್ತ ಮಗುವಿಗೆ ಗಂಜಿ ಕಾಯಿಸಲು ಹೋದರು.

ಮಗಳೀಗ ಕಾಲೇಜಿನಲ್ಲಿದ್ದಾಳೆ. ನಟ ಗೋಡೆಯ ಮೇಲಿದ್ದಾನೆ, ಸಾಧುವಿನಂತೆ ನೋಡುತ್ತ. ಮಗಳು ಚೇತರಿಸಿಕೊಂಡಳಲ್ಲ, ಇನ್ನೇನು ಬೇಕು ಎನ್ನುತ್ತೀರಿ. ನಿಜ. ಆದರೂ ಆ ಮೇಲಧಿಕಾರಿ ನನಗೆ ಕೊಟ್ಟದ್ದು ಈ ಮುಖವಲ್ಲ. ಅವಳಿಗೆ ಒಂದು ನೆಗಡಿಯಾದರೂ ನಾನು ಮೊದಲು ಹೋಗಿ ನೋಡುವುದು ಅವನ ಕಣ್ಣನ್ನೇ. ಹಾಗೆ ನೋಡುತ್ತೇನಲ್ಲ, ಅದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.